ಆ ಕೂಸಿನ ಬಾಯಲ್ಲಿ ನಿಮ್ಮ ಮಾತು ಬೇಡ

ಆತ್ಮೀಯರೇ,

ನೀವು ಕಳಿಸಿದ 90 ನಿಮಿಷದ ಟೆಲಿಚಿತ್ರದ ಹಸ್ತಪ್ರತಿ ಎರಡು ಸಲ ಓದಿದೆ. ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಗಂಡ, ಮನೆ ಬಿಟ್ಟು ಕಾರವಾರದಲ್ಲಿ ಕೆಲಸ ಹಿಡಿದ ಹೆಂಡತಿ, ಇಬ್ಬರ ನಡುವೆ ಏಳು ವರ್ಷದ ಸಿಂಚನಾ. ಮಗಳು ಯಾರ ಹತ್ತಿರ ಇರಬೇಕು ಎಂಬ ವ್ಯಾಜ್ಯ. ಕತೆ ಎಲ್ಲೂ ಜಾಳಾಗಿಲ್ಲ, ಅಜ್ಜನ ಪಾತ್ರ ಚೆನ್ನಾಗಿ ನಿಂತಿದೆ. ಇಷ್ಟು ಹೇಳಿ, ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ.

ದೃಶ್ಯ 41. ಜನ ಕಿಕ್ಕಿರಿದ ಕೋರ್ಟು. ಸಿಂಚನಾ ಕಟಕಟೆ ಹತ್ತಿ ಹೇಳುತ್ತಾಳೆ: "ನನಗೆ ಆಸ್ತಿ ಬೇಡ. ನಿಮ್ಮಿಬ್ಬರ ಅಹಂಕಾರದಲ್ಲಿ ನನ್ನ ಬಾಲ್ಯ ಸುಟ್ಟುಹೋಗುತ್ತಿದೆ, ಮಮ್ಮಿ!" ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

ಒಂದೊಂದೇ ಮಾತು ನೋಡೋಣ. "ಆಸ್ತಿ ಬೇಡ." ಏಳು ವರ್ಷದ ಕೂಸಿಗೆ ಆಸ್ತಿ ಅಂದರೇನು? ತೋಟವೆಂದರೆ ಅವಳಿಗೆ ಕಾಲುವೆ ಮೇಲಿನ ಸಂಕ, ಜಿಗಣೆ, ಉದುರಿದ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವ ಆಟ. "ಅಹಂಕಾರ." ಅದು ಆ ಗಂಡ ಹೆಂಡತಿಯ ಬಗ್ಗೆ ನೀವು ಕೊಟ್ಟ ತೀರ್ಪು, ಅವಳದ್ದಲ್ಲ. "ಬಾಲ್ಯ." ಯಾವ ಮಗುವಾದರೂ ತನ್ನ ಬಾಲ್ಯವನ್ನು ಬಾಲ್ಯ ಅಂತ ಕರೆದದ್ದನ್ನು ಕೇಳಿದ್ದೀರಾ? ಕೊನೆಗೆ "ಮಮ್ಮಿ." ಮೊದಲ 40 ದೃಶ್ಯಗಳಲ್ಲಿ ಬಾಯಿ ತುಂಬ "ಆಯಿ" ಎಂದು ಕರೆದ ಹುಡುಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಮಮ್ಮಿ ಅಂದುಬಿಟ್ಟಳು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಅಷ್ಟು ಹೊತ್ತು ಉಸಿರಾಡುತ್ತಿದ್ದ ಹುಡುಗಿಯನ್ನು ನೀವೇ ಎಬ್ಬಿಸಿ ಕಳಿಸಿ, ಆ ಜಾಗದಲ್ಲಿ ಯಾವುದೋ ಧಾರಾವಾಹಿಯ ಮಗುವನ್ನು ತಂದು ನಿಲ್ಲಿಸಿದ್ದೀರಿ.

ಇಂಥ ಪ್ರಕರಣದಲ್ಲಿ ಮಗುವನ್ನು ಸಾಮಾನ್ಯವಾಗಿ ಹೀಗೆ ಕಟಕಟೆ ಹತ್ತಿಸುವುದೂ ಇಲ್ಲ. ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿ, ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ, ಮೆಲ್ಲಗೆ ಮಾತಾಡಿಸುತ್ತಾರೆ. ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನು ಪರಿಗಣಿಸಬಹುದು ಎಂದು 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆಯಲ್ಲೇ ಇದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತರ ಕಾಯ್ದೆ. ಸಿಂಚನಾಗೆ ಏಳಾಯಿತು. ಆ ಮಾತಿನ ಆಸರೆ ತಾಯಿಗೆ ಉಳಿದಿಲ್ಲ. ತನ್ನ ಇಷ್ಟವನ್ನು ಸರಿಯಾಗಿ ಹೇಳುವಷ್ಟು ಮಗಳೂ ದೊಡ್ಡವಳಾಗಿಲ್ಲ. ಮಗುವಿನ ಒಳಿತೇ ಮುಖ್ಯ ಅನ್ನುವ ಒಂದೇ ಅಳತೆಗೋಲು ಹಿಡಿದು ನ್ಯಾಯಾಧೀಶರು ಕೂತಿದ್ದಾರೆ. ಇಷ್ಟು ಬಿಗಿಯಾದ ಜಾಗವನ್ನು ಭಾಷಣಕ್ಕೆ ಬಿಟ್ಟುಕೊಟ್ಟಿರಲ್ಲ!

ನಾನೂ ಇದನ್ನೇ ಮಾಡಿದ್ದೆ. ಬರೆಯಲು ಕಲಿಯುತ್ತಿದ್ದ ಕಾಲದಲ್ಲಿ ಒಂದು ಬಾನುಲಿ ನಾಟಕ ಬರೆದೆ. ಊರು ಬಿಟ್ಟು ಹಾಸ್ಟೆಲಿಗೆ ಹೊರಟ ಹುಡುಗ ಒಂದೂವರೆ ಪುಟ ಮಾತಾಡುತ್ತಿದ್ದ. ನನ್ನ ಬರಹ ತಿದ್ದಿಕೊಡುತ್ತಿದ್ದ ಹಿರಿಯರೊಬ್ಬರು ಅದನ್ನು ಓದಿ, ಪುಟದ ಈ ಮೂಲೆಯಿಂದ ಆ ಮೂಲೆಗೆ ಗೀಟು ಎಳೆದರು. "ತಮಾ, ಜೂನ್ ತಿಂಗಳಲ್ಲಿ ಕುಮಟಾ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತ್ಕೋ. ಹಾಸ್ಟೆಲಿಗೆ ಹೊರಟ ಮಕ್ಕಳು ಏನು ಮಾತಾಡ್ತವೆ, ಬರ್ಕೊಂಡು ಬಾ" ಅಂದರು. ಮಳೆಯಲ್ಲಿ ಮೂರು ತಾಸು ಕೂತೆ. ಅಗಲಿಕೆಯ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಟ್ರಂಕಿನ ಮೇಲೆ ಕೂತಿದ್ದ ಒಬ್ಬ ಹುಡುಗ, ಬಸ್ಸು ಬಂದು ನಿಂತ ಮೇಲೆ ಕೇಳಿದ: "ಆಯಿ, ಗೌರಿ ಕರ ಹಾಕಿರೆ ಕಾಗ್ದ ಬರೀತ್ಯ?" ಗೌರಿ ಅಂದರೆ ಅವರ ಮನೆಯ ಹಸು. ಆಯಿ ಸೆರಗಿನಿಂದ ಅವನ ತಲೆ ಒರೆಸಿದಳು. ಒರೆಸಿದ ತಲೆಯನ್ನೇ ಮತ್ತೆ ಮತ್ತೆ ಒರೆಸಿದಳು. ನನ್ನ ನಾಟಕದ ಒಂದೂವರೆ ಪುಟ ಹೋಗಿ ಆ ಒಂದು ಸಾಲು ಉಳಿಯಿತು. ನಲವತ್ತು ವರ್ಷವಾಗುತ್ತ ಬಂತು, ಆ ಹುಡುಗನ ದನಿ ಇನ್ನೂ ಕಿವಿಯಲ್ಲಿದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಂಥದ್ದು ನಿಮ್ಮ ಕೈಗೆ ಆಗಲೇ ಸಿಕ್ಕಿದೆ. ದೃಶ್ಯ 17. ಎರಡು ವಾರಕ್ಕೊಮ್ಮೆ ಅಪ್ಪ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುತ್ತಾನೆ, ತಾಯಿ ಕಾರವಾರದಿಂದ ಬರುತ್ತಾಳೆ. ಎರಡೂ ಊರಿಗೆ ಹೆಚ್ಚುಕಮ್ಮಿ ನಡುವೆ ಬೀಳುವ ಕುಮಟಾದಲ್ಲಿ ಮಗಳು ಅಪ್ಪನ ಕೈಯಿಂದ ತಾಯಿಯ ಕೈಗೆ ಹೋಗುತ್ತಾಳೆ. ಸಿಂಚನಾ ದಾರಿಯುದ್ದಕ್ಕೂ ಮಡಿಲಲ್ಲಿ ಸ್ಟೀಲ್ ಡಬ್ಬಿ ಹಿಡಿದಿದ್ದಾಳೆ. ಆಯಿಗೆ ಅಂತ ತಂದ ತೊಡೆದೇವು. ಮುಚ್ಚಳ ತೆಗೆದರೆ ಎಲ್ಲ ಪುಡಿ. "ಘಟ್ಟದಲ್ಲಿ ರಾಶಿ ತಿರುವು, ಆಯಿ" ಅನ್ನುತ್ತಾಳೆ. ಕಾಗದದಷ್ಟು ತೆಳ್ಳಗಿನ ಆ ತಿಂಡಿಯನ್ನು ಕಾದ ಮಡಕೆಯ ಮೇಲಿಂದ ಹರಿಯದಂತೆ ಎಬ್ಬಿಸುವುದೇ ಕಷ್ಟ, ಅರವತ್ತು ಕಿಲೋಮೀಟರ್ ಕಾಯುವುದು ಹೇಗೆ? ಅದನ್ನು ಓದಿ ನಾನು ಹಸ್ತಪ್ರತಿ ಕೆಳಗಿಟ್ಟು ಅಂಗಳಕ್ಕೆ ಹೋಗಿ ನಿಂತೆ. ನೀವು ಮಾತ್ರ ಮೂರೇ ಸಾಲಿಗೆ ಅದನ್ನು ಮುಗಿಸಿ ಹಾಡಿಗೆ ಹೊರಟಿದ್ದೀರಿ. ತಾಯಿ ಆ ಪುಡಿ ತಿಂದಳೇ? ಬೀಳ್ಕೊಡಲು ನಿಂತಿದ್ದ ಅಪ್ಪ ಅದನ್ನು ನೋಡಿದನೇ?

ಹಾಡು ತೆಗೆದು ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಿ. ದೃಶ್ಯ 41ನ್ನು ನ್ಯಾಯಾಧೀಶರ ಕೊಠಡಿಯೊಳಗೆ ಹೊಸದಾಗಿ ಬರೆಯಿರಿ. ಅಲ್ಲಿ ಸಿಂಚನಾ ಸುಮ್ಮನೆ ಕೂತರೂ ಸರಿ, ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದರೂ ಸರಿ. ಬರೆದಾದ ಮೇಲೆ ಇಡೀ ಹಸ್ತಪ್ರತಿಯನ್ನು ಮತ್ತೆ ನನಗೇ ಕಳಿಸಿ. ಆ ತೊಡೆದೇವು ಎರೆದುಕೊಟ್ಟವರು ಯಾರು ಅಂತಲೂ ನೀವು ಬರೆದಿಲ್ಲ. ಸೊಸೆಯ ಮೇಲೆ ಅಷ್ಟು ಮುನಿದಿದ್ದ ಅಜ್ಜಿಯೇ ಇರಬೇಕು ಅಂತ ನನ್ನ ಊಹೆ. ಹೌದಾದರೆ ಅದನ್ನು ತೋರಿಸಿ.