ಮಂಡಿಯೋ, ಹೋಟೆಲೋ, ಬ್ಯಾಂಕೋ?

ಮಾನ್ಯರೇ,

ಸಾಗರದ ಪೇಟೆಬೀದಿಯ ಮೂಲೆಯಲ್ಲಿರುವ ಹಳೆಯ ಮಹಡಿ ಮಳಿಗೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಓದುಗರ ನೆನಪುಗಳನ್ನು ಓದಿ ನೀವು ಬರೆದ ಪತ್ರ ಕೈಸೇರಿದೆ. ಪತ್ರ ದೀರ್ಘವಾಗಿರುವುದರಿಂದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಒಬ್ಬ ಓದುಗರು ಅದು ಅಡಿಕೆ ಮಂಡಿ ಎಂದರು, ಮತ್ತೊಬ್ಬರು ಊಟದ ಹೋಟೆಲ್ ಎಂದರು, ಮೂರನೆಯವರು ಬ್ಯಾಂಕ್ ಎಂದರು, ಇನ್ನೊಬ್ಬರಿಗೆ ಅದು ಸಿನಿಮಾ ಕ್ಯಾಸೆಟ್ ಸಿಗುತ್ತಿದ್ದ ಅಂಗಡಿ. ಇದು ಇತಿಹಾಸವಲ್ಲ, ಕಟ್ಟೆಯ ಮೇಲಿನ ಹರಟೆ ಎಂಬುದು ನಿಮ್ಮ ಆಕ್ಷೇಪ. ನಿಮ್ಮ ಅಜ್ಜ ಅಲ್ಲಿ ಗುಮಾಸ್ತರಾಗಿದ್ದವರು. ಆದ್ದರಿಂದ ಅದು ಅಡಿಕೆ ಮಂಡಿಯೇ, ಉಳಿದದ್ದೆಲ್ಲ ಆಮೇಲೆ ಬಂದು ಹೋದ ಬಾಡಿಗೆ ವ್ಯವಹಾರ, ಹಾಗೆಂದು ತಿದ್ದುಪಡಿ ಪ್ರಕಟಿಸಿ ಎಂದು ಕೇಳಿದ್ದೀರಿ.

ತಿದ್ದುಪಡಿ ಪ್ರಕಟಿಸುವುದಿಲ್ಲ. ಏಕೆಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಿಮ್ಮಂತೆ ಸಿಟ್ಟಾದವರು ಬೇರೆಯವರೂ ಇದ್ದಾರೆ. ಅವರಲ್ಲಿ ಕೆಲವರ ಸಿಟ್ಟು ನಾವು ಅದನ್ನು ಮಂಡಿ ಎಂದು ಕರೆದದ್ದಕ್ಕೆ!

ಮೊದಲು ನಿಮ್ಮ ಅಜ್ಜನ ಮಾತನ್ನೇ ತೆಗೆದುಕೊಳ್ಳೋಣ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಗಾದಿ, ತೊಡೆಯೆತ್ತರದ ಇಳಿಜಾರು ಮೇಜು, ಅದರ ಮೇಲೆ ದಿನದ ಲೆಕ್ಕದ ಕಿರ್ದಿ, ಮೇಲಿನ ತೊಲೆಗೆ ತೂಗುಹಾಕಿದ ತಕ್ಕಡಿಯ ಕೊಂಡಿ. ಇವನ್ನೆಲ್ಲ ಕಾಣದವರು ಹೀಗೆ ವರ್ಣಿಸಲು ಸಾಧ್ಯವಿಲ್ಲ. ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕ ಎಂದು ಅಡಿಕೆಯನ್ನು ಬೇರೆ ಬೇರೆ ರಾಶಿ ಹಾಕುತ್ತಿದ್ದ ಮೂಲೆಗಳನ್ನೂ ಅವರು ಗುರುತಿಟ್ಟು ಹೇಳಿದ್ದಾರೆ. ಆದರೆ ಒಂದನ್ನು ಗಮನಿಸಿ. ನಿಮ್ಮ ಅಜ್ಜ ಹೇಳಿದ ಕತೆಗಳಲ್ಲಿ ಅಡಿಕೆ ಮಣದ ಲೆಕ್ಕದಲ್ಲಿದೆ, ಕೂಲಿ ಆಣೆಯ ಲೆಕ್ಕದಲ್ಲಿದೆ. ನಯಾಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಾದ ಐದಾರು ವರ್ಷಗಳಲ್ಲಿ ಮಣ, ಸೇರುಗಳು ಸರ್ಕಾರಿ ಲೆಕ್ಕದಿಂದ ಹೊರಬಿದ್ದು ಕಿಲೋ, ಕ್ವಿಂಟಾಲುಗಳು ಬಂದವು. ಅಂದರೆ ನಿಮ್ಮ ಅಜ್ಜನ ಮಂಡಿ ಅದಕ್ಕೂ ಹಿಂದಿನದು. ಶಿವಮೊಗ್ಗದಿಂದ ಹೊರಟ ರೈಲುಹಳಿ 1930ರ ದಶಕದ ಕೊನೆಗೆ ಸಾಗರವನ್ನು ಮುಟ್ಟಿ, 1940ರಲ್ಲಿ ತಾಳಗುಪ್ಪದವರೆಗೆ ಹೋಯಿತು. ಗಾಡಿಯಲ್ಲಿ ಬಂದ ಮೂಟೆ ರೈಲು ಹತ್ತತೊಡಗಿದ ಮೇಲೆ ಪೇಟೆಯ ಮಂಡಿಗಳು ಚಿಗುರಿಕೊಂಡದ್ದು ಸಹಜ. ನಿಮ್ಮ ಅಜ್ಜನ ಕಾಲವನ್ನು ನಾನು ಈ ಎರಡು ಗಡಿಗಳ ನಡುವೆ ಇಡುತ್ತೇನೆ.

ಆಮೇಲೆ ಮಂಡಿ ಏಕೆ ಹೋಯಿತು? ಸಾಹುಕಾರರ ಮಕ್ಕಳು ದುಂದು ಮಾಡಿದರು ಎಂದು ನೀವು ಬರೆದಿದ್ದೀರಿ. ಹಾಗೂ ಇರಬಹುದು; ಪ್ರತಿಯೊಂದು ಪೇಟೆಯಲ್ಲೂ ಮುಚ್ಚಿದ ಪ್ರತಿಯೊಂದು ಮಂಡಿಗೂ ಇದೇ ಕಾರಣವನ್ನು ಹೇಳುವುದು ನಮ್ಮ ಕಡೆಯ ವಾಡಿಕೆ. ದೊಡ್ಡ ಕಾರಣಗಳು ಬೇರೆಯೇ ಇದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಆಚೆಯ ಊರುಗಳಿಂದ ಗಾಡಿಗಳು ಬರುತ್ತಿದ್ದ ದಾರಿಯೇ ನೀರಿನಡಿಗೆ ಹೋಯಿತು. ಅನೇಕ ಕಡೆ ತೋಟವೂ ಹೋಯಿತು. ಎರಡು ವರ್ಷಗಳ ನಂತರ, 1966ರಲ್ಲಿ, ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂತು. ಪೇಟೆಬೀದಿಯ ಗಾದಿಗಳಲ್ಲಿ ನಡೆಯುತ್ತಿದ್ದ ವ್ಯಾಪಾರ ಕ್ರಮೇಣ ಎಪಿಎಂಸಿ ಪ್ರಾಂಗಣಗಳಿಗೆ ಸರಿಯಿತು. ಇತ್ತ ಸಹಕಾರ ಸಂಘಗಳೂ ಬಲವಾಗಿದ್ದವು. ಶಿರಸಿಯ ತೋಟಗಾರರ ಸಂಘ 1923ರದು, ಶಿವಮೊಗ್ಗದ ಅಡಿಕೆ ಮಾರಾಟ ಸಂಘ ಮ್ಯಾಮ್ಕೋಸ್ 1939ರದು. ದಲಾಲಿ, ಮುಂಗಡ, ಬಡ್ಡಿ ಎಂದು ಮಂಡಿಗೆ ಕಟ್ಟುಬಿದ್ದಿದ್ದ ಬೆಳೆಗಾರನಿಗೆ ಹೋಗಲು ಇನ್ನೊಂದು ಬಾಗಿಲಿತ್ತು. ನಿಮ್ಮ ಮಂಡಿಯ ಸಾಹುಕಾರರ ಮಕ್ಕಳು ಸನ್ಯಾಸಿಗಳಾಗಿದ್ದರೂ ಗಾದಿ ಉಳಿಯುವುದು ಕಷ್ಟವಿತ್ತು.

ಈಗ ಹೋಟೆಲಿಗೆ ಬರೋಣ. ನಿಮ್ಮ ಸಿಟ್ಟಿಗೆ ಮುಖ್ಯ ಗುರಿಯಾದ ಓದುಗರು ಇವರೇ. "ಅಪ್ಪನ ಜೊತೆ ಅಲ್ಲಿ ಬಾಳೆಲೆ ಊಟ ಮಾಡಿದ್ದೆ" ಎಂದು ಅವರು ಬರೆದರು, ಅದೂ ನಿಮ್ಮ ಅಜ್ಜ ಅಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ. ಒಂದೇ ಮನೆಯಲ್ಲಿ ಒಂದೇ ಕಾಲಕ್ಕೆ ಮಂಡಿಯೂ ಹೋಟೆಲೂ ಹೇಗಿರಲು ಸಾಧ್ಯ ಎಂದು ನೀವು ಕೇಳುತ್ತೀರಿ. ಸಾಧ್ಯವಿತ್ತು. ದೂರದ ಊರಿನಿಂದ ಗಾಡಿ ಹೂಡಿಕೊಂಡು ಬಂದ ಬೆಳೆಗಾರ ತೂಕ ಮುಗಿದು, ಪಟ್ಟಿ ಬರೆಸಿ, ಹಣ ಎಣಿಸಿಕೊಂಡು ಅದೇ ದಿನ ಊರು ಮುಟ್ಟುವ ಹಾಗಿರಲಿಲ್ಲ. ಅವನಿಗೆ ಊಟ, ಮಲಗಲು ಚಾಪೆ, ಎತ್ತುಗಳಿಗೆ ಹುಲ್ಲು ಒದಗಿಸುವುದು ಮಂಡಿಯವರ ರೂಢಿ. ಅದು ಔದಾರ್ಯವೂ ಹೌದು, ಬೆಳೆಗಾರ ಪಕ್ಕದ ಮಂಡಿಯ ಜಗಲಿ ಹತ್ತದಂತೆ ನೋಡಿಕೊಳ್ಳುವ ಉಪಾಯವೂ ಹೌದು. ಅಪ್ಪನ ಕೈಹಿಡಿದು ಬಂದ ಆರೇಳು ವರ್ಷದ ಮಗುವಿಗೆ ತಕ್ಕಡಿ ಯಾಕೆ ನೆನಪಿರಬೇಕು? ಅದಕ್ಕೆ ನೆನಪಿರುವುದು ಬಡಿಸಿದ ಪಾಯಸ. ನಿಜವಾದ ಹೋಟೆಲ್ ಬಂದದ್ದು ಮಂಡಿ ಖಾಲಿಯಾದ ಮೇಲೆ. ಅಡುಗೆಯ ಒಲೆ, ಹಿಂದಿನ ಬಾವಿ, ಉದ್ದನೆಯ ಪಡಸಾಲೆ ಎಲ್ಲವೂ ತಯಾರಿದ್ದ ಕಟ್ಟಡಕ್ಕೆ ಹೋಟೆಲಿನವರು ಬಾರದೆ ಇನ್ನಾರು ಬರಬೇಕಿತ್ತು? ಆ ಹೋಟೆಲಿಗೆ ಗಿರಾಕಿಗಳನ್ನು ಒದಗಿಸಿದ್ದು ಮಂಡಿಯನ್ನು ಸೊರಗಿಸಿದ ಅದೇ ಲಿಂಗನಮಕ್ಕಿಯ ಹಿನ್ನೀರು. ಹೊಳೆಬಾಗಿಲಿನ ಕೊನೆಯ ಲಾಂಚ್ ತಪ್ಪಿಸಿಕೊಂಡ, ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಪೇಟೆಯಲ್ಲಿ ರಾತ್ರಿ ಕಳೆಯದೆ ಗತಿ ಇರಲಿಲ್ಲ. ಮಹಡಿಯ ಕೋಣೆಗಳು ಲಾಡ್ಜ್ ಆದದ್ದು ಹೀಗೆ. ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಇನ್ನು ಕೆಲವು ವರ್ಷ ಕಳೆದರೆ, ಲಾಂಚ್ ತಪ್ಪಿತೆಂದು ಸಾಗರದಲ್ಲಿ ಉಳಿದ ರಾತ್ರಿಗಳನ್ನು ಮೊಮ್ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಪ್ರಕಟವಾದ ಬರಹಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಎನಿಸಿದ್ದು ನೀವು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು. ತಾಯಿ ಅಲ್ಲಿ ಅಡಿಕೆ ಆರಿಸುತ್ತಿದ್ದರು ಎಂದು ಬರೆದ ಮಹಿಳೆಯ ನೆನಪು. ಆಕೆಗೆ ಆ ಕಟ್ಟಡದ ಮುಂಬಾಗಿಲು ಗೊತ್ತಿಲ್ಲ. ಹಿತ್ತಲ ಓಣಿಯಿಂದ ಒಳಹೋಗುವುದು, ತಗಡಿನ ಮಾಡಿನ ಕೆಳಗೆ ಸಾಲಾಗಿ ಕೂತ ಹೆಂಗಸರು, ಗೆರಸಿಯಲ್ಲಿ ಕೇರಿದಾಗ ಏಳುವ ಧೂಳು, ಸಂಜೆ ತಾಯಿಯ ಕೆಮ್ಮು. ಇಷ್ಟೇ ಆಕೆಯ ಮಂಡಿ. "ಗಲ್ಲಾಪೆಟ್ಟಿಗೆಯ ವಿಷಯವೇ ಇಲ್ಲದ ಇದೆಂಥ ಮಂಡಿಯ ವರ್ಣನೆ" ಎಂದು ಕೇಳಿದ್ದೀರಿ. ಗಲ್ಲಾಪೆಟ್ಟಿಗೆ ಆಕೆಯ ತಾಯಿಯ ಕಣ್ಣಿಗೆ ಬೀಳುವಂತೆ ಎಲ್ಲಿತ್ತು, ಸ್ವಾಮಿ? ನಿಮ್ಮ ಅಜ್ಜ ಕುಳಿತ ಜಾಗದಿಂದ ಹಿತ್ತಲು ಕಾಣುತ್ತಿರಲಿಲ್ಲ, ಹಿತ್ತಲಿನಿಂದ ನಿಮ್ಮ ಅಜ್ಜ ಕಾಣುತ್ತಿರಲಿಲ್ಲ. ಎರಡೂ ನೆನಪು ಒಂದೇ ಸೂರಿನ ಕೆಳಗಿನವು.

ಕಟ್ಟಡ ಹತ್ತು ಹದಿನೈದು ವರ್ಷಗಳಿಗೊಮ್ಮೆ ವೇಷ ಬದಲಿಸಿತು ಎಂಬ ಮಾತೂ ಪೂರ್ತಿ ಸರಿಯಲ್ಲ. ಒಂದೇ ವರ್ಷದೊಳಗೆ ಅದು ಎಷ್ಟೋ ಸಲ ಬದಲಾಗುತ್ತಿತ್ತು. ಸುಗ್ಗಿಯಲ್ಲಿ ಜಗಲಿಯ ತುಂಬ ಗೋಣಿಚೀಲ. ಆರಿದ್ರಾ ಮಳೆ ಹಿಡಿಯಿತೆಂದರೆ ಅದೇ ಜಗಲಿಯಲ್ಲಿ ಕೊಡೆ ರಿಪೇರಿಯವನು, ಕಂಬಳಿ ಮಾರುವವನು. ಮಳೆಯ ಇರಚಲು ಒಳಗೆ ಬಾರದಂತೆ ಕಟ್ಟಿದ ಅಡಿಕೆ ಸೋಗೆಯ ತಟ್ಟಿಯ ಮರೆಯಲ್ಲಿ ಅವರಿಬ್ಬರ ಸಂಸಾರ. ದೀಪಾವಳಿಗೆ ಪಟಾಕಿ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಬಳೆ, ಬತ್ತಾಸು, ನಾಟಕದ ಟಿಕೆಟ್. ಜಾತ್ರೆಗೆ ಮಾತ್ರ ಸಾಗರಕ್ಕೆ ಬರುತ್ತಿದ್ದ ನೆಂಟರೊಬ್ಬರು ಅದನ್ನು ಬಳೆ ಅಂಗಡಿ ಎಂದೇ ಬರೆದಿದ್ದಾರೆ. ಅವರನ್ನು ನಾನು ಹೇಗೆ ತಿದ್ದಲಿ?

ಮಹಡಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಲಾಡ್ಜಿನ ಒಂದು ಕೋಣೆಯಲ್ಲಿ ಎಪ್ಪತ್ತರ ದಶಕದಲ್ಲಿ ಬೆರಳಚ್ಚು ಮಾಡುವವರೊಬ್ಬರು ಕೂತಿದ್ದರು ಎಂದು ಇಬ್ಬರು ಓದುಗರು ಬರೆದಿದ್ದಾರೆ. ಕೆಳಗಿನ ಬೀದಿಯವರೆಗೆ ಸಾಲು ನಿಲ್ಲುತ್ತಿತ್ತಂತೆ. ಆ ಸಾಲು ಏಳನೇ ನಮೂನೆಯದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿದಾರ ತಾನು ಉಳುವ ಭೂಮಿಗೆ ಹಕ್ಕು ಕೇಳಿ ಭೂ ನ್ಯಾಯಮಂಡಳಿಗೆ ಹಾಕಬೇಕಾದ ಅರ್ಜಿ. ಸಾಗರದ ಮಟ್ಟಿಗೆ ಇದು ಬರೀ ಕಾಗದವಲ್ಲ. ಪೇಟೆಗೆ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಜಗಳ ಇದ್ದದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಜಮೀನಿನ ಒಡೆಯರ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಒಡೆಯರ ಅಡಿಕೆ ತೂಗಿದ ತೊಲೆಯ ನೇರ ಮೇಲೆ, ಕಾಲು ಶತಮಾನ ಕಳೆಯುವುದರೊಳಗೆ, ಗೇಣಿದಾರರ ಅರ್ಜಿಗಳು ಟೈಪಾದವು. ಈ ಕಟ್ಟಡದ ಬಗ್ಗೆ ಒಂದೇ ಸಂಗತಿ ಉಳಿಸಿಕೊಳ್ಳಿ ಎಂದರೆ ನಾನು ಈ ಬೆರಳಚ್ಚಿನ ಕೋಣೆಯನ್ನು ಉಳಿಸಿಕೊಳ್ಳುತ್ತೇನೆ. ಅದಕ್ಕೆ ಬೋರ್ಡೂ ಇರಲಿಲ್ಲ.

ಈ ಸಂದರ್ಭದಲ್ಲಿ ಇನ್ನೊಂದು ಮಾತು. ಸತ್ಯಾಗ್ರಹಕ್ಕೆ ಬಂದ ರಾಮಮನೋಹರ ಲೋಹಿಯಾ ಇದೇ ಮಹಡಿಯಿಂದ ಭಾಷಣ ಮಾಡಿದರು ಎಂದು ಕೆಲವರು ಬರೆದಿದ್ದಾರೆ. ಲೋಹಿಯಾ ಬಂದದ್ದೂ ಬಂಧನಕ್ಕೊಳಗಾದದ್ದೂ ದಾಖಲೆಯಲ್ಲಿದೆ. ಆದರೆ ಪೇಟೆಯ ಬೇರೆ ಮಹಡಿಗಳ ವಾರಸುದಾರರೂ ಇದೇ ಮಾತನ್ನು ಹೇಳುತ್ತಿರುವುದರಿಂದ ಆ ಸಾಲನ್ನು ನಾನು ಎಲ್ಲರ ಬರಹದಿಂದಲೂ ತೆಗೆದಿದ್ದೇನೆ. ನೆನಪುಗಳನ್ನೆಲ್ಲ ಹಾಗೆಯೇ ಅಚ್ಚು ಹಾಕುತ್ತೇವೆ ಎಂಬ ನಿಮ್ಮ ಆರೋಪಕ್ಕೆ ಇದೇ ಉತ್ತರ.

ಬ್ಯಾಂಕಿನ ಕಾಲ ಬೇಗ ಹೇಳಿ ಮುಗಿಸಬಹುದು. 1969ರ ರಾಷ್ಟ್ರೀಕರಣದ ನಂತರ ಶಾಖೆಗಳು ಸಣ್ಣ ಪೇಟೆಗಳಲ್ಲೆಲ್ಲ ತೆರೆದುಕೊಂಡ ಕಾಲದಲ್ಲಿ ಹೋಟೆಲಿನ ಮುಂಭಾಗ ಬ್ಯಾಂಕಿಗೆ ಹೋಯಿತು. ಹಲಗೆ ಬಾಗಿಲು ತೆಗೆದು ಕಬ್ಬಿಣದ ಶಟರ್ ಹಾಕಿದ್ದು, ಒಳಗಿನ ಉಗ್ರಾಣವನ್ನು ಭದ್ರಕೊಠಡಿ ಮಾಡಿದ್ದು ಅವರೇ. ಅವರು ಹೊಸ ಕಟ್ಟಡಕ್ಕೆ ಹೋದರು, ಕೊಠಡಿಯ ದಪ್ಪ ಗೋಡೆ ಮಾತ್ರ ಉಳಿಯಿತು. ಎಂಬತ್ತರ ದಶಕದಲ್ಲಿ ಅದರೊಳಗೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವವರು ಬಂದರು. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹಗಲೂ ರಾತ್ರಿ ಬಲ್ಬು ಉರಿಸಿಟ್ಟರೆ ಒಣಗಿರುತ್ತದೆ ಎಂದು ಅವರು ಕಂಡುಕೊಂಡಿದ್ದರಂತೆ. ಚಿನ್ನದ ಅಡವು ಇಡುತ್ತಿದ್ದ ಜಾಗದಲ್ಲಿ ರಾಜ್‌ಕುಮಾರ್ ಚಿತ್ರಗಳ ಕ್ಯಾಸೆಟ್ಟುಗಳು ಬೆಚ್ಚಗೆ ಕುಳಿತವು. ಮುಂದಿನ ಮೂಲೆ ಎಸ್‌ಟಿಡಿ ಬೂತ್ ಆಯಿತು. ಈಗ ಅಲ್ಲೇ ಮೊಬೈಲ್ ರಿಪೇರಿ.

ಇನ್ನು ನಿಮ್ಮ ಮೂಲ ಪ್ರಶ್ನೆ: ಇವನ್ನೆಲ್ಲ ದಾಖಲೆಯಿಂದ ಸಾಬೀತು ಮಾಡುವುದು ಹೇಗೆ? ಹೆಂಚಿನ ಹಿಂಬದಿಯ ಮುದ್ರೆಯನ್ನು ನೋಡಿ ಎಂದು ನೀವು ಸೂಚಿಸಿದ್ದೀರಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ; ಅದಾದ ಮೇಲಿನ ಹೆಂಚುಗಳ ಮೇಲೆ ಕಾರ್ಖಾನೆಯ ಹೆಸರು ಸಿಗುತ್ತದೆ, ನಿಜ. ಆದರೆ ಮಂಗಗಳಿರುವ ಊರಿನಲ್ಲಿ ಹೆಂಚು ನಂಬಲರ್ಹ ಸಾಕ್ಷಿಯಲ್ಲ. ವರ್ಷ ವರ್ಷವೂ ಒಡೆಯುತ್ತದೆ, ವರ್ಷ ವರ್ಷವೂ ಬದಲಾಗುತ್ತದೆ. ಸಾಲದ್ದಕ್ಕೆ, ಮುಳುಗಡೆಯ ಕಾಲದಲ್ಲಿ ಮನೆ ಬಿಚ್ಚಿದವರು ಕಂಬ, ಬಾಗಿಲು, ಹೆಂಚುಗಳನ್ನು ಹೊತ್ತು ತಂದು ಬೇರೆ ಸೂರುಗಳಿಗೆ ಹೊಂದಿಸಿದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಉಪನೋಂದಣಾಧಿಕಾರಿ ಕಚೇರಿಯಲ್ಲಿದೆ. ಆ ಕಟ್ಟಡದ ಕ್ರಯಪತ್ರದಲ್ಲಿ ಮಾತ್ರ ಹುಡುಕಬೇಡಿ, ಅದು "ಹೆಂಚಿನ ಮಹಡಿ ಮಳಿಗೆ" ಎಂದು ಹೇಳಿ ಅಳತೆ ಕೊಟ್ಟು ಸುಮ್ಮನಾಗುವ ಸಂಭವವೇ ಹೆಚ್ಚು. ಪಕ್ಕದ ಆಸ್ತಿಗಳ ಕ್ರಯಪತ್ರ ತೆಗೆಸಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿ. ಪೂರ್ವಕ್ಕೆ ಯಾರ ಮಂಡಿ, ಪಶ್ಚಿಮಕ್ಕೆ ಯಾವ ಹೋಟೆಲ್ ಎಂದು ಆಯಾ ಕಾಲದ ಹೆಸರು ಹಿಡಿದು ಬರೆಯುವವರು ನೆರೆಯವರೇ. ಪುರಸಭೆಯ ಹಳೆಯ ಕಂದಾಯ ಪುಸ್ತಕಗಳಲ್ಲಿ ಮಾಲೀಕರ ಜೊತೆಗೆ ಅನುಭವದಾರರ ಹೆಸರೂ ಇದ್ದರೆ ಕೆಲಸ ಇನ್ನೂ ಸುಲಭ.

ಉಳಿದದ್ದು ಬಾಡಿಗೆ ವ್ಯವಹಾರ ಎಂಬ ನಿಮ್ಮ ಮಾತು. ನಿಮ್ಮ ಪತ್ರದ ಮೂರನೆಯ ಪುಟವನ್ನು ನೀವೇ ಇನ್ನೊಮ್ಮೆ ಓದಬೇಕು. ಪ್ರತಿ ತಿಂಗಳ ಮೊದಲ ದಿನ ಅಜ್ಜ "ಮಳಿಗೆ ಬಾಡಿಗೆ ಬಾಬ್ತು" ಎಂದು ಕಿರ್ದಿಯಲ್ಲಿ ಖರ್ಚು ಬರೆಯುತ್ತಿದ್ದರು ಎಂದು ಅಲ್ಲಿ ಅಭಿಮಾನದಿಂದ ಹೇಳಿದ್ದೀರಿ. ಅಂದಮೇಲೆ ಮಂಡಿಯವರೂ ಬಾಡಿಗೆದಾರರೇ. ಹೋಟೆಲಿನವರು, ಬ್ಯಾಂಕಿನವರು, ಕ್ಯಾಸೆಟ್ಟಿನವರು ಕೂತ ಸಾಲಿನಲ್ಲೇ ಅವರೂ ಕೂರಬೇಕು. ಸಾಲಿನಲ್ಲಿ ಮೊದಲಿಗರು ಎಂಬ ಗೌರವವನ್ನು ಬೇಕಾದರೆ ಕೊಡೋಣ, ಅದೂ ನೆರೆಯವರ ಚಕ್ಕುಬಂದಿ ಒಪ್ಪಿದರೆ.

ಆ ಕಿರ್ದಿ ಪುಸ್ತಕಗಳಲ್ಲಿ ಎರಡು ನಿಮ್ಮ ಮನೆಯ ಅಟ್ಟದಲ್ಲಿ ಈಗಲೂ ಇವೆ ಎಂದು ಬರೆದಿದ್ದೀರಲ್ಲ, ನನಗೆ ಅವು ಬೇಕಾಗಿವೆ. ಬಾಡಿಗೆಯ ಪುಟಗಳಲ್ಲ, ಕೂಲಿ ಬಟವಾಡೆಯ ಪುಟಗಳು. ಹಮಾಲಿಗಳ ಹೆಸರು, ಅಡಿಕೆ ಆರಿಸಿದ ಹೆಂಗಸರ ಹೆಸರು ನಿಮ್ಮ ಅಜ್ಜನ ಕೈಬರಹದಲ್ಲಿ ಇರಬೇಕು. ಆ ಮಹಿಳೆ ತಮ್ಮ ತಾಯಿಯ ಹೆಸರನ್ನು ನಮಗೆ ತಿಳಿಸಿದ್ದಾರೆ, ಹೊಂದಿಸಿ ನೋಡಬಹುದು. ಪುಸ್ತಕಗಳನ್ನು ಅಂಚೆಗೆ ಹಾಕಬೇಡಿ, ಮಳೆ ಬಿಡುವವರೆಗಂತೂ ಬೇಡವೇ ಬೇಡ. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಪುಟಗಳ ಚಿತ್ರ ತೆಗೆದು ಕಳಿಸಿದರೆ ಸಾಕು. ಮುಂದಿನ ಸಂಚಿಕೆಗೆ ಎರಡು ಪುಟ ಕಾದಿರಿಸಿದ್ದೇನೆ.

— ಸಂಪಾದಕ