ಹಳೇ ಸೈಟ್ ಕೆಡವಬೇಕೇ?

ಪ್ರಶ್ನೆ: ನಮ್ಮ ಒಣ ಮೆಣಸಿನಕಾಯಿ ಅಂಗಡಿಯ ದರಪಟ್ಟಿ ಸೈಟ್ ಪಿಎಚ್‌ಪಿ 5.6 (ಸರ್ವರಿನಲ್ಲಿ ಓಡುವ ಭಾಷೆ), ಜೆಕ್ವೆರಿ 1.8ರಲ್ಲಿದೆ (ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಲೈಬ್ರರಿ). ಎಲ್ಲ ತೆಗೆದು ರಿಯಾಕ್ಟ್ ಎಂಬ ಇನ್ನೊಂದು ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆಸಿ ಎನ್ನುತ್ತಾರೆ. ಬೇಕೇ?
— ಓದುಗರು, ಬ್ಯಾಡಗಿ

ಉತ್ತರ: ಬೇಡ. ಡಬ್ಬಿ, ಕಡ್ಡಿ ಮೆಣಸಿನಕಾಯಿಯ ದಿನದ ದರ ತೋರಿಸಲು ರಿಯಾಕ್ಟ್ ದಂಡದ ಖರ್ಚು. ಪಿಎಚ್‌ಪಿ, ಜೆಕ್ವೆರಿ ಎರಡೂ ಈಗಲೂ ಗಟ್ಟಿ. ಹಳತಾಗಿರುವುದು ನಿಮ್ಮ ಆವೃತ್ತಿ. 5.6ಕ್ಕೆ ಭದ್ರತಾ ತಿದ್ದುಪಡಿ 2018ರ ಕೊನೆಗೇ ನಿಂತಿತು.

ಜೆಕ್ವೆರಿ ಸುಲಭ. ಮೊದಲು 1.12.4 ಹಾಕಿ, ಜೊತೆಗೆ ಹಳೇ ಬರಹ ಕಂಡಲ್ಲಿ ಎಚ್ಚರಿಸುವ ಮೈಗ್ರೇಟ್ 1.4.1ರ ಕುಗ್ಗಿಸದ ಫೈಲ್ ಸೇರಿಸಿ. ಕುಗ್ಗಿಸಿದ 'ಮಿನ್' ಫೈಲ್ ಎಚ್ಚರಿಕೆ ತೋರಿಸುವುದಿಲ್ಲ. ಬ್ರೌಸರಿನ ಕನ್ಸೋಲ್ (ಎಚ್ಚರಿಕೆ ಕಾಣುವ ಕಿಟಕಿ) ಹೇಳಿದಂತೆ 'ಲೈವ್' ಇದ್ದಲ್ಲಿ 'ಆನ್', 'ಸೈಜ್' ಇದ್ದಲ್ಲಿ 'ಲೆಂಗ್ತ್' ಬರೆಯಿರಿ. ಕನ್ಸೋಲ್ ಸುಮ್ಮನಾದ ಮೇಲೆ 3.7.1ಕ್ಕೆ ಹೋಗಿ, ಆಗ ಮೈಗ್ರೇಟ್ ಕೂಡ 3ರ ಸಾಲಿನದೇ ಇರಲಿ.

ಪಿಎಚ್‌ಪಿಯಲ್ಲಿ ತೊಡಕು ಬೇರೆ. ಡೇಟಾಬೇಸ್ ಜೊತೆ ಮಾತಾಡುವ 'ಮೈಎಸ್‌ಕ್ಯೂಎಲ್_' ಫಂಕ್ಷನ್‌ಗಳು 7.0ರಲ್ಲೇ ಹೋದವು, ಅದೇ ಕೆಲಸ ಮಾಡುವ ಪಿಡಿಒಗೆ ಬದಲಿಸಿ, ಚಾರ್‌ಸೆಟ್ (ಅಕ್ಷರಗಳ ಸಂಕೇತ ಪದ್ಧತಿ) ಯುಟಿಎಫ್8ಎಂಬಿ4 ಇಡಿ. ಆಗ ಕನ್ನಡವೆಲ್ಲ 'à²' ಥರದ ಕಸವಾಗಿ ಕಂಡರೆ ಹೌಹಾರಬೇಡಿ, ದತ್ತಾಂಶ ಕೆಟ್ಟಿಲ್ಲ. ಹಳೇ ಸಂಪರ್ಕ ಲ್ಯಾಟಿನ್1 (ಇಂಗ್ಲಿಷ್ ಥರದ ಲಿಪಿಗಳ ಸಂಕೇತ) ಎಂದುಕೊಂಡು ಕನ್ನಡದ ಯುಟಿಎಫ್-8 ಬೈಟ್‌ಗಳನ್ನು ಬರೆದಿದೆ, ಅಷ್ಟೆ. ಲ್ಯಾಟಿನ್1 ಆಯ್ಕೆಯಲ್ಲೇ ಡಂಪ್ (ಡೇಟಾಬೇಸಿನ ಪ್ರತಿಯ ಫೈಲ್) ತೆಗೆದು, ಫೈಲಿನೊಳಗಿನ ಚಾರ್‌ಸೆಟ್ ಹೆಸರು ಬದಲಿಸಿ, ಹೊಸ ಡೇಟಾಬೇಸಿಗೆ ತುಂಬಿ. ಬರೀ '????' ಇದ್ದರೆ ಮಾತ್ರ ಅಕ್ಷರ ಹೋದಂತೆಯೇ, ಹಳೇ ಬ್ಯಾಕಪ್ ಹುಡುಕಬೇಕು.

ಇದೆಲ್ಲ ನಕಲು ಸೈಟಿನಲ್ಲಿ ಮಾಡಿ. ಮಾರುಕಟ್ಟೆ ನಡೆಯುವ ದಿನ ಅಸಲಿಗೆ ಕೈಹಾಕಬೇಡಿ.