ಉಡುಗೊರೆ ಮೇಜಿನ ಕೆಳಗಿನ ಪತ್ರೊಡೆ

ಡೊಂಬಿವಲಿಯ ಓದುಗರೊಬ್ಬರು ಬರೆದ ಎರಡು ಪುಟಗಳ ಪತ್ರದ ಸಾರ ಇದು. ಅವರ ಗೆಳತಿಗೆ ಏಳು ತಿಂಗಳು ತುಂಬಿದೆ. ಅವಳು ಕುಂದಾಪುರದ ಕಡೆಯವಳು, ಗಂಡ ಪುಣೆಯ ಮರಾಠಿಗ. ಪೊವಾಯಿಯ ಸಭಾಂಗಣವೊಂದರಲ್ಲಿ ‘ಬೇಬಿ ಶವರ್’ ನಡೆಯಿತು. ಬಲೂನಿನಿಂದ ಊಟದವರೆಗೆ ಎಲ್ಲವೂ ಇವೆಂಟ್ ಕಂಪನಿಯ ಹೊಣೆ. ಪತ್ರೊಡೆ, ಅಂದರೆ ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ತಿಂಡಿ, ತಿನ್ನುವ ಆಸೆಯಾಗಿದೆ ಎಂದು ಗೆಳತಿ ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದಳಂತೆ. ಇವರು ಕೆಸುವಿನ ಎಲೆ ಹುಡುಕಿ, ಮಾಡಿ, ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ಕಡಿಮೆ ಮಾಡುವ ಮೆಗಾಬ್ಲಾಕಿನ ಭಾನುವಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದರು. ಬಾಗಿಲಲ್ಲಿ ಕಪ್ಪು ಟೀಶರ್ಟಿನ ಹುಡುಗಿ ‘ಹೊರಗಿನ ತಿಂಡಿಗೆ ಅನುಮತಿಯಿಲ್ಲ’ ಎಂದು ಡಬ್ಬಿಯನ್ನು ಉಡುಗೊರೆಗಳ ಮೇಜಿನ ಕೆಳಗೆ ತಳ್ಳಿದಳು. ಮುಂದೆ ಮೂರು ಗಂಟೆ ಆಟ ಮತ್ತು ಫೋಟೊ. ‘ನಮ್ಮ ಸೀಮಂತ ಸತ್ತೇಹೋಯಿತೇ? ಇಂಥದಕ್ಕೆ ನಾನು ಇನ್ನು ಹೋಗಬೇಕೇ?’ ಎಂಬುದು ಅವರ ಪ್ರಶ್ನೆ.

ನಿಮ್ಮ ಪತ್ರ ಓದಿದಾಗ ನನಗೂ ಮೊದಲು ಸಿಟ್ಟು ಬಂದದ್ದು ಆ ಹುಡುಗಿಯ ಮೇಲೆಯೇ. ಎರಡನೆಯ ಸಲ ಓದಿದಾಗ ಇಳಿಯಿತು. ಸಭಾಂಗಣದವರದೇ ಅಡುಗೆ ಇದ್ದಲ್ಲಿ ಹೊರಗಿನ ತಿಂಡಿ ತಿಂದು ಯಾರದಾದರೂ ಹೊಟ್ಟೆ ಕೆಟ್ಟರೆ ಹೊಣೆ ಯಾರದು ಎಂಬ ತಕರಾರು ಇದ್ದೇ ಇರುತ್ತದೆ. ಆಕೆ ಹೇಳಿಕೊಟ್ಟದ್ದನ್ನು ಮಾಡಿದಳು. ಅವಳ ಕೈಯಲ್ಲಿದ್ದ ಪಟ್ಟಿಯಲ್ಲಿ ಬಸುರಿಯ ಬಯಕೆಗೆ ಒಂದು ಸಾಲೂ ಇರಲಿಲ್ಲ, ಅಷ್ಟೇ.

ಇವೆಂಟ್ ಮ್ಯಾನೇಜರ್ ಎಂಬುದೇನು ಹೊಸ ಪ್ರಾಣಿಯಲ್ಲ. 1989ರಲ್ಲಿ ಘಾಟ್ಕೋಪರಿನ ಚಾಳಿನಲ್ಲಿ ನನ್ನ ಬಯಕೆ, ಅಂದರೆ ಸೀಮಂತ, ನಡೆದಾಗ ಮೇಲಿನ ಮಾಳಿಗೆಯ ಮರಾಠಿ ಕಾಕು (ಚಿಕ್ಕಮ್ಮ) ಒಬ್ಬರು ಇಡೀ ಕಾರ್ಯವನ್ನು ಕೈಗೆ ತೆಗೆದುಕೊಂಡಿದ್ದರು. ಬಿಲ್ಲು ಕೊಡಲಿಲ್ಲ, ಆದರೆ ನಮ್ಮ ಮಾತನ್ನೂ ಕೇಳಲಿಲ್ಲ. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ; ಅಮ್ಮ ಉಡುಪಿಯಿಂದ ಬಸ್ಸಿನಲ್ಲಿ ಬಂದರು, ಒಂದು ಇಡೀ ದಿನದ ದಾರಿ. ಶಂಕರಪುರದ ಮಲ್ಲಿಗೆ ಒಂದು ಅಟ್ಟೆ ತಂದಿದ್ದರು. ಅಟ್ಟೆಗೆ ನಾಲ್ಕು ಚೆಂಡು, ಚೆಂಡಿಗೆ ಎಂಟುನೂರು ಹೂವು. ಬಾಳೆಲೆಯ ಕಟ್ಟು ಬಿಚ್ಚಿದರೆ ಹೊರಸುತ್ತಿನ ಹೂಗಳು ಕಂದಿ ಚಹಾದ ಬಣ್ಣಕ್ಕೆ ತಿರುಗಿದ್ದವು, ಒಳಗಿನವು ಮಾತ್ರ ಇನ್ನೂ ತಣ್ಣಗೆ ಬಿಗಿದುಕೊಂಡಿದ್ದವು. ಕಾಕು ಒಮ್ಮೆ ಮೂಸಿ ನೋಡಿ, ‘ಇದು ಜಡೆಗೆ ಸಾಕು, ಮೈಗೆ ನಮ್ಮ ಹೂವಿನ ವಾಡಿಯೇ ಆಗಬೇಕು’ ಎಂದು ತೀರ್ಪು ಕೊಟ್ಟು, ದಾದರಿನಿಂದ ತರಿಸಿದ ಹೂಗಳ ಕಿರೀಟ, ತೋಳಬಂದಿ, ಸೊಂಟಪಟ್ಟಿ ಕಟ್ಟಿಸಿ, ಕೈಗೆ ಬಿಲ್ಲು ಬಾಣ ಬೇರೆ ಕೊಟ್ಟು ಕೂರಿಸಿದರು. ಅಮ್ಮ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದರು. ಆದರೆ ಎಲ್ಲ ಮುಗಿದ ಮೇಲೆ ಅದೇ ಕಾಕು ಬಾಗಿಲು ಹಾಕಿ, ಪಕ್ಕದಲ್ಲಿ ಕುಳಿತು, ‘ಈಗ ಹೇಳು, ಏನು ತಿನ್ನಬೇಕು ಎನಿಸುತ್ತದೆ?’ ಎಂದು ಕೇಳಿದರು. ಬರೀ ಮೊಸರನ್ನ ಮತ್ತು ನೀರಿನಲ್ಲಿ ಹಾಕಿದ ಮಾವಿನಮಿಡಿ ಎಂದೆ. ಮಿಡಿ ಅಮ್ಮನ ಚೀಲದಲ್ಲೇ ಇತ್ತು. ಇಬ್ಬರೂ ಸೇರಿ ಉಣಿಸಿದರು.

ನೀವು ಸತ್ತಿತು ಎನ್ನುತ್ತಿರುವುದು ಇದನ್ನೇ ಇರಬೇಕು. ಕರಾವಳಿಯ ಬಯಕೆ, ಧಾರವಾಡದ ಕಡೆಯ ಕುಬಸ, ಮರಾಠಿಗರ ಡೋಹಾಳೆ ಜೇವಣ, ಮೂರರಲ್ಲೂ ಉಡಿ ತುಂಬುವುದಿದೆ, ಹಸಿರು ಬಳೆಯಿದೆ, ಬಾಯಿಗೆ ಇಷ್ಟವಾದದ್ದನ್ನು ಇಡುವುದಿದೆ. ಡೋಹಾಳೆ ಎಂಬ ಮಾತು ಸಂಸ್ಕೃತದ ದೋಹದದಿಂದ ಬಂದದ್ದು, ಅಂದರೆ ಬಯಕೆಯೇ. ಸುಂದರಿ ಕಾಲಿನಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಎಂಬ ಕವಿಸಮಯಕ್ಕೂ ದೋಹದ ಎಂದೇ ಹೆಸರು. ಮರಕ್ಕೂ ಬಯಕೆಯುಂಟು ಎಂದು ನಂಬಿದ ಜನ ನಾವು.

ಹಾಗೆಂದು ಹಳೆಯದನ್ನು ಹೊಗಳಿ ಮುಗಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ನನ್ನ ಬಯಕೆಯ ದಿನ ಪಕ್ಕದ ಖೋಲಿಯಲ್ಲಿದ್ದ ನಮ್ಮ ಅತ್ತೆಯ ತಂಗಿ, ಗಂಡ ತೀರಿಕೊಂಡವರು, ಹೊಸ್ತಿಲು ದಾಟಲಿಲ್ಲ. ಕೋಡುಬಳೆಯಷ್ಟನ್ನೂ ಕರಿದುಕೊಟ್ಟವರು ಅವರೇ. ಮಕ್ಕಳಾಗದ ಗೆಳತಿಯೊಬ್ಬಳು ‘ಜ್ವರ’ ಎಂದು ಬರಲಿಲ್ಲ. ಯಾವ ಜ್ವರವೆಂದು ಎಲ್ಲರಿಗೂ ಗೊತ್ತಿತ್ತು. ನಿಮ್ಮ ಪತ್ರದಲ್ಲಿ ನೀವೇ ಒಂದು ಕಡೆ ಬರೆದಿದ್ದೀರಿ, ಗೆಳತಿಯ ವಿಧವೆ ಚಿಕ್ಕಮ್ಮ ಎಲ್ಲರ ಜೊತೆ ರಿಬ್ಬನ್ ಹಿಡಿದು ಆಡಿದರು ಎಂದು. ಬಲೂನುಗಳಿಗೆ ಆ ಒಂದು ಕಾರಣಕ್ಕೆ ನಾನು ಕೈ ಮುಗಿಯುತ್ತೇನೆ.

ಗಂಡ ಬೊಂಬೆಗೆ ಡೈಪರ್ ಕಟ್ಟಿದ್ದು ನಿಮಗೆ ಅಸಹ್ಯವೆನಿಸಿತಂತೆ. ಗೃಹ್ಯಸೂತ್ರಗಳ ಸೀಮಂತೋನ್ನಯನದಲ್ಲಿ ಮುಖ್ಯ ಕೆಲಸ ಗಂಡನದೇ. ಮುಳ್ಳುಹಂದಿಯ ಮುಳ್ಳು, ದರ್ಭೆ, ಅತ್ತಿಯ ಎಳೆಗಾಯಿಗಳ ಗೊಂಚಲು ಹಿಡಿದು ಬಸುರಿಯ ಬೈತಲೆ ತೆಗೆಯುವವನು ಅವನು. ಸೀಮಂತವೆಂದರೆ ಬೈತಲೆಯೆಂದೇ ಅರ್ಥ. ನಡುವೆ ಎಲ್ಲೋ ಅವನನ್ನು ಹೊರಗೆ ಕುರ್ಚಿ ಜೋಡಿಸಲು ಕಳಿಸಿಬಿಟ್ಟೆವು. ಡೈಪರ್ ನೆಪದಲ್ಲಾದರೂ ಒಳಗೆ ಬಂದನಲ್ಲ.

ಹುಟ್ಟುವುದು ಗಂಡಾದರೆ ನೀಲಿ, ಹೆಣ್ಣಾದರೆ ಗುಲಾಬಿ ಎಂದು ಅತಿಥಿಗಳು ಊಹಿಸಿ ಮತ ಹಾಕುವ ಆ ಹಲಗೆಯ ಬಗ್ಗೆ ಮಾತ್ರ ನಾನು ನಿಮ್ಮ ಪಕ್ಷ. ‘ನೀಲಿಗೆ 31, ಗುಲಾಬಿಗೆ 9’ ಎಂದು ಮೈಕಿನಲ್ಲಿ ಕೂಗಿದಾಗ ಚಪ್ಪಾಳೆ ಬಿತ್ತು ಎಂದಿದ್ದೀರಿ. ಭ್ರೂಣದ ಲಿಂಗ ಪತ್ತೆಯ ವಿರುದ್ಧ ದೇಶದಲ್ಲೇ ಮೊದಲು, 1988ರಲ್ಲಿ, ಕಾನೂನು ಮಾಡಿದ ರಾಜ್ಯ ಈ ಮಹಾರಾಷ್ಟ್ರ. ಕೇಂದ್ರದ ಕಾಯಿದೆ ಬಂದದ್ದು 1994ರಲ್ಲಿ. ಊಹೆಯ ಆಟ ಅಪರಾಧವಲ್ಲ, ನಿಜ. ಮುಚ್ಚಿದ ಎರಡು ಬಟ್ಟಲುಗಳಲ್ಲಿ ಪೇಡಾ ಸಿಕ್ಕರೆ ಗಂಡು, ಬರ್ಫಿ ಸಿಕ್ಕರೆ ಹೆಣ್ಣು ಎಂಬ ಆಟ ಡೋಹಾಳೆ ಜೇವಣದಲ್ಲೂ ಇದೆ, ನನ್ನಿಂದಲೂ ಆಡಿಸಿದ್ದರು. ಬರ್ಫಿ ಸಿಕ್ಕಿತು. ಕೋಣೆ ಒಂದು ಕ್ಷಣ ಸುಮ್ಮನಾದದ್ದು ಇವತ್ತಿಗೂ ನೆನಪಿದೆ. ಆ ಒಂಬತ್ತರಲ್ಲಿ ನಿಮ್ಮದೂ ಒಂದು ಎಂದು ಭಾವಿಸಿದ್ದೇನೆ.

ಇನ್ನು ಹೋಗಬೇಕೇ ಎಂಬ ಪ್ರಶ್ನೆ. ಹೋಗಿ. ಅವಳ ತಾಯಿ ಕುಂದಾಪುರದಲ್ಲಿ ಮಂಡಿನೋವಿನಿಂದ ಏಳಲಾರರು, ಅತ್ತೆಗೆ ಕಚೇರಿ, ಮನೆ ಒಂದೇ ಬೆಡ್‌ರೂಮಿನದು ಎಂದು ನೀವೇ ಬರೆದಿದ್ದೀರಿ. ನಲವತ್ತು ಜನರಿಗೆ ಎಲೆ ಹಾಕುವವರು ಯಾರು? ಚಾಳಿನ ಕಾಕು ಈಗ ಇಲ್ಲ. ಆ ಕೆಲಸವನ್ನು ಬಾಡಿಗೆಗೆ ತಂದುಕೊಂಡರು. ಅವರನ್ನು ಬೈಯುವ ಮೊದಲು ಆ ಭಾನುವಾರದ ಹಿಂದಿನ ವಾರ ನಾವಾದರೂ ರಜೆ ಹಾಕಿ ಹೋಗುತ್ತಿದ್ದೆವೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ನಾನು ಹೋಗುತ್ತಿರಲಿಲ್ಲ, ಸಂಚಿಕೆಯ ಕರಡು ತಿದ್ದುವುದಿರುತ್ತದೆ.

ಆದರೆ ಡಬ್ಬಿಯ ವಿಷಯದಲ್ಲಿ ನೀವು ಬೇಗ ಸೋತಿರಿ. ಮೂರು ಗಂಟೆ ಹೂವಿನ ಉಯ್ಯಾಲೆಯಲ್ಲಿ ನಗುತ್ತ ಕುಳಿತ ಬಸುರಿಗೆ ಸೊಂಟ ಹಿಡಿದಿರುತ್ತದೆ, ಹಸಿವೂ ಆಗಿರುತ್ತದೆ. ಎರಡು ತುಂಡನ್ನು ಬಾಳೆಲೆಯಲ್ಲಿ ಸುತ್ತಿ, ಅವಳು ಸೀರೆ ಬದಲಿಸಲು ಹೋದಾಗ ಹಿಂದೆಯೇ ಹೋಗಬಹುದಿತ್ತು. ಈಗಲೂ ಕಾಲ ಮಿಂಚಿಲ್ಲ. ಶ್ರಾವಣ ಮುಗಿಯುವವರೆಗೆ ಡೊಂಬಿವಲಿಯ ಮಾರುಕಟ್ಟೆಯಲ್ಲಿ ‘ಅಳೂ’ ಎಂದು ಕೇಳಿದರೆ ಎಲೆ ಸಿಗುತ್ತದೆ. ಹುಣಸೆಹಣ್ಣಿಗೆ ಕೈ ಹಿಡಿಯಬೇಡಿ, ಗಂಟಲು ತುರಿಸಿದರೆ ಅವಳಿಗೆ ಈಗ ತಡೆಯದು. ವಾರದ ಮಧ್ಯೆ, ಸಂಜೆ, ಫೋನ್ ಮಾಡಿ ಅವಳ ಮನೆಗೆ ಹೋಗಿ. ಆ ಹಳೆಯ ಡಬ್ಬಿ ಏನಾಯಿತೆಂದು ಅಲ್ಲೇ ತಿಳಿಯುತ್ತದೆ. ರಾತ್ರಿ ಗಂಡ ಹೆಂಡತಿ ಕಾರಿನಲ್ಲೇ ಖಾಲಿ ಮಾಡಿದ್ದರೂ ಆಶ್ಚರ್ಯವಿಲ್ಲ.

ಬೆಲ್ಲ ಹಾಕುತ್ತೀರೋ ಇಲ್ಲವೋ ಬರೆದಿಲ್ಲ. ಅದನ್ನು ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕಿ